ಸಾಲು ತಿದ್ದುವ ತಂತಿ

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಹಲ್ಲಿರುವುದು ಅಗಿಯುವುದಕ್ಕೆ ಎಂಬ ಭಾವನೆ ಈ ಮಾತಿನ ಹಿಂದಿದೆ. ಆದರೆ ಹಲ್ಲು ಮಾಡುವ ಕೆಲಸ ಅದೊಂದೇ ಅಲ್ಲ. ವ್ಯಾಕರಣದ ಪಾಠದಲ್ಲಿ ತ, ಥ, ದ, ಧ, ನ ಎಂಬ ಅಕ್ಷರಗಳನ್ನು ದಂತ್ಯಗಳೆಂದು ನೀವು ಕಲಿತಿದ್ದೀರಿ. ನಾಲಗೆಯ ತುದಿ ಮೇಲಿನ ಹಲ್ಲನ್ನು ಮುಟ್ಟದಿದ್ದರೆ ‘ತಂದೆ’ ಎಂಬ ಪದವನ್ನು ನಾವು ಸ್ಪಷ್ಟವಾಗಿ ನುಡಿಯಲಾರೆವು. ಇನ್ನು ನಗೆಯ ಮಾತನ್ನಂತೂ ಹೇಳಬೇಕಾಗಿಯೇ ಇಲ್ಲ. ಉಣ್ಣುವುದು, ನುಡಿಯುವುದು, ನಗುವುದು - ಈ ಮೂರಕ್ಕೂ ಹಲ್ಲು ಬೇಕು. ಹಲ್ಲುಗಳು ಸಾಲುತಪ್ಪಿ ನಿಂತಾಗ ಈ ಮೂರರಲ್ಲಿ ಯಾವುದಕ್ಕಾದರೂ ತೊಡಕುಂಟಾಗಬಹುದು.

ಮೂವತ್ತು ವರ್ಷಗಳ ಹಿಂದಿನ ಮಾತು. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಪದ್ಯವನ್ನು ಅರ್ಥವರಿತು ಓದುವುದರಲ್ಲಿ ಅವಳಿಗೆ ಸಮನಾದವರು ಯಾರೂ ಇರಲಿಲ್ಲ. ಆದರೆ ಅವಳು ಪುಸ್ತಕವನ್ನು ಒಂದು ಕೈಯಲ್ಲಿ ಹಿಡಿದರೆ, ಇನ್ನೊಂದು ಕೈ ಸದಾ ಬಾಯಿಯ ಮುಂದೆ ಇರುತ್ತಿತ್ತು. ಮೇಲಿನ ಬಾಚಿಹಲ್ಲುಗಳು ಮುಂದಕ್ಕೆ ಚಾಚಿಕೊಂಡಿದ್ದುದೇ ಅದಕ್ಕೆ ಕಾರಣ. ಒಂದು ದಿನ ಹಿಂದಿನ ಬೆಂಚಿನಿಂದ ಯಾರೋ ಅವಳನ್ನು ‘ಉಬ್ಬುಹಲ್ಲಿ’ ಎಂದು ಕರೆದರು. ತರಗತಿಯೆಲ್ಲ ನಕ್ಕಿತು. ಆ ನಗೆಯನ್ನು ತಡೆಯಬೇಕಾಗಿದ್ದ ನಾನೂ ಕೇಳಿಸದವನಂತೆ ಪಾಠವನ್ನು ಮುಂದುವರಿಸಿದೆ. ಅಂದಿನಿಂದ ಆ ಹುಡುಗಿ ಎದ್ದುನಿಂತು ಓದುವುದನ್ನೇ ಬಿಟ್ಟಳು. ಹಲ್ಲಿನ ಸಾಲನ್ನು ತಿದ್ದುವ ಚಿಕಿತ್ಸೆ ಆಗಲೂ ಇತ್ತು. ಆದರೆ ಅದರ ವಿಚಾರ ಅವಳ ಮನೆಯವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಇಂದು ಊರೂರಿನಲ್ಲಿಯೂ ಹಲ್ಲಿಗೆ ತಂತಿ ಹಾಕಿಸಿಕೊಂಡ ಬಾಲಕ ಬಾಲಕಿಯರನ್ನು ಕಾಣುತ್ತೇವೆ. ಕೆಲವರು ಇದನ್ನು ‘ಕ್ಲಿಪ್ಪು’ ಎನ್ನುತ್ತಾರೆ. ಹಾಕಿಸಿಕೊಳ್ಳುವ ಮೊದಲು ಎಲ್ಲರ ಮನಸ್ಸಿನಲ್ಲಿಯೂ ಅವೇ ಪ್ರಶ್ನೆಗಳು ಏಳುತ್ತವೆ. ಇದು ನೋಯುತ್ತದೆಯೆ? ಎಷ್ಟು ಕಾಲ ಹಿಡಿಯುತ್ತದೆ? ಊಟ ಹೇಗೆ? ಗಟ್ಟಿಯಾಗಿ ಬೇರೂರಿದ ಹಲ್ಲು ಸರಿಯುವುದಾದರೂ ಹೇಗೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಒಂದೊಂದಾಗಿ ನೋಡೋಣ.

ಹಲ್ಲುಗಳು ಏಕೆ ಸಾಲುತಪ್ಪುತ್ತವೆ? ಆರನೆಯ ವಯಸ್ಸಿನ ಸುಮಾರಿಗೆ ಹಾಲುಹಲ್ಲುಗಳು ಬೀಳತೊಡಗಿ, ಹನ್ನೆರಡು ಹದಿಮೂರರ ಹೊತ್ತಿಗೆ ಶಾಶ್ವತದಂತಗಳು ಬಹುಮಟ್ಟಿಗೆ ಬಂದುಬಿಡುತ್ತವೆ. 20 ಹಾಲುಹಲ್ಲುಗಳಿದ್ದ ಬಾಯಿಯಲ್ಲಿ ಕೊನೆಗೆ 32 ಹಲ್ಲುಗಳಿಗೆ ಸ್ಥಳವಾಗಬೇಕು. ತಂದೆಯಿಂದಲೋ ತಾಯಿಯಿಂದಲೋ ಬಂದ ದವಡೆ ಚಿಕ್ಕದಾಗಿ, ಹಲ್ಲುಗಳು ದೊಡ್ಡವಾದರೆ, ಸಂತೆಗೆ ಹೊರಟ ಬಸ್ಸಿನಲ್ಲಿ ಜನ ನಿಂತಂತೆ ಅವು ಒಂದರ ಮೇಲೊಂದು ಒತ್ತಿಕೊಂಡು ನಿಲ್ಲುತ್ತವೆ. ಹಾಲುಹಲ್ಲು ಹುಳುಕಾಗಿ ಅಕಾಲದಲ್ಲಿ ಬಿದ್ದುಹೋದರೆ, ಪಕ್ಕದ ಹಲ್ಲುಗಳು ಆ ತೆರವಿಗೆ ವಾಲುತ್ತವೆ. ಕೆಳಗಿನಿಂದ ಬರುವ ಹೊಸ ಹಲ್ಲಿಗೆ ದಾರಿ ತಪ್ಪುತ್ತದೆ. ‘ಹೇಗೂ ಬೀಳುವ ಹಲ್ಲು’ ಎಂದು ಹಾಲುಹಲ್ಲನ್ನು ಕಡೆಗಣಿಸುವುದು ಎಂಥ ತಪ್ಪೆಂಬುದು ಇದರಿಂದ ತಿಳಿಯುತ್ತದೆ. ಬಹುಕಾಲ ಬೆರಳು ಚೀಪುವುದು, ನಾಲಗೆಯಿಂದ ಹಲ್ಲನ್ನು ಮುಂದಕ್ಕೆ ತಳ್ಳುವುದು, ಇಂಥ ಅಭ್ಯಾಸಗಳೂ ಸಾಲು ಕೆಡಲು ಕಾರಣವಾಗಬಲ್ಲವು.

ಈ ವಕ್ರತೆಯನ್ನು ತಿದ್ದಬೇಕೆಂಬ ಹಂಬಲ ಹೊಸದಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಗ್ರಂಥಕಾರ ಸೆಲ್ಸಸ್ ಎಂಬಾತನು, ಹಾಲುಹಲ್ಲು ಬೀಳುವ ಮೊದಲೇ ಹೊಸ ಹಲ್ಲು ಮೂಡಿದರೆ, ಹಳೆಯದನ್ನು ತೆಗೆದು ಹೊಸದನ್ನು ದಿನವೂ ಬೆರಳಿನಿಂದ ಅದರ ಸ್ಥಾನಕ್ಕೆ ಒತ್ತಬೇಕೆಂದು ಬರೆದಿದ್ದಾನೆ. ಫ್ರಾನ್ಸ್ ದೇಶದ ದಂತವೈದ್ಯ ಪಿಯೆರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕುದುರೆಯ ಲಾಳದಾಕಾರದ ಲೋಹದ ಪಟ್ಟಿಯೊಂದಕ್ಕೆ ಹಲ್ಲುಗಳನ್ನು ದಾರದಿಂದ ಕಟ್ಟುವ ಕ್ರಮವನ್ನು ವಿವರಿಸಿದನು. ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ದಂತವಕ್ರತೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿ, ಈ ವಿದ್ಯೆಗೆ ಶಾಸ್ತ್ರೀಯ ತಳಹದಿಯನ್ನು ಒದಗಿಸಿದನು. ಆಗೆಲ್ಲ ಪ್ರತಿಯೊಂದು ಹಲ್ಲಿಗೂ ಲೋಹದ ಬಳೆಯನ್ನು ತೊಡಿಸಬೇಕಾಗಿತ್ತು. ಹಲ್ಲಿನ ಮೇಲ್ಮೈಯನ್ನು ಆಮ್ಲದಿಂದ ಹದಗೊಳಿಸಿದರೆ ಅದಕ್ಕೆ ಅಂಟು ಭದ್ರವಾಗಿ ಹಿಡಿಯುವುದೆಂಬುದನ್ನು ಬ್ಯುನೊಕೋರ್ ಎಂಬ ವಿಜ್ಞಾನಿ 1955ರಲ್ಲಿ ತೋರಿಸಿಕೊಟ್ಟ ಮೇಲೆ, ಬಳೆಯ ಬದಲು ಪುಟ್ಟ ಗುಂಡಿಯನ್ನು ಅಂಟಿಸುವುದು ಸಾಧ್ಯವಾಯಿತು. ನಮ್ಮ ದೇಶದಲ್ಲಿ ಡಾ. ರಫಿಯುದ್ದೀನ್ ಅಹಮದ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ಮೊದಲ ದಂತವೈದ್ಯ ಕಾಲೇಜನ್ನು ಸ್ಥಾಪಿಸಿದರು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿ ಆರಂಭವಾಯಿತು.

ಇನ್ನು ಹಲ್ಲು ಸರಿಯುವ ಬಗೆಯನ್ನು ತಿಳಿಯೋಣ. ಹಲ್ಲು ದವಡೆಯಲ್ಲಿ ನಿಂತಿರುವುದು ಗೋಡೆಗೆ ಹೊಡೆದ ಮೊಳೆಯಂತೆ ಎಂದು ನಾವು ಭಾವಿಸುತ್ತೇವೆ. ಅದು ನಿಜವಲ್ಲ. ಹಲ್ಲಿನ ಬೇರಿಗೂ ದವಡೆಯ ಎಲುಬಿಗೂ ನಡುವೆ ಕಾಲು ಮಿಲಿಮೀಟರಿನಷ್ಟು ತೆಳುವಾದ ನಾರಿನ ಪದರವೊಂದಿದೆ. ಹಲ್ಲು ಈ ನಾರುಗಳಲ್ಲಿ ತೊಟ್ಟಿಲಿನಂತೆ ತೂಗಿಕೊಂಡಿದೆ. ಎಲುಬಾದರೂ ಕಲ್ಲಿನಂತೆ ಜಡವಸ್ತುವಲ್ಲ. ಅದು ಸದಾ ಸವೆಯುತ್ತ, ಸದಾ ಕಟ್ಟಿಕೊಳ್ಳುತ್ತ ಇರುವ ಜೀವಂತ ಅಂಗ. ತಂತಿಯು ಹಲ್ಲನ್ನು ಒಂದು ಕಡೆಗೆ ಮೆಲ್ಲನೆ ತಳ್ಳಿದಾಗ, ಆ ಕಡೆಯ ನಾರಿನ ಪದರ ಒತ್ತಿಕೊಳ್ಳುತ್ತದೆ. ಅಲ್ಲಿಗೆ ಎಲುಬನ್ನು ಕರಗಿಸುವ ಜೀವಕೋಶಗಳು ಬಂದು ಸೇರುತ್ತವೆ. ಹಲ್ಲು ಬಿಟ್ಟುಬಂದ ಕಡೆಯಲ್ಲಿ ನಾರುಗಳು ಎಳೆಯಲ್ಪಡುತ್ತವೆ. ಅಲ್ಲಿ ಎಲುಬನ್ನು ಕಟ್ಟುವ ಜೀವಕೋಶಗಳು ಹೊಸ ಎಲುಬನ್ನು ತುಂಬುತ್ತವೆ. ನದಿಯು ಒಂದು ದಡವನ್ನು ಕೊರೆಯುತ್ತ, ಎದುರು ದಡದಲ್ಲಿ ಮರಳನ್ನು ಪೇರಿಸುತ್ತ, ತನ್ನ ಪಾತ್ರವನ್ನೇ ಪಕ್ಕಕ್ಕೆ ಸರಿಸಿಕೊಳ್ಳುವುದನ್ನು ನೀವು ಕಂಡಿರಬಹುದು. ಹಲ್ಲು ಸರಿಯುವುದೂ ಹಾಗೆಯೇ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಇದಕ್ಕೆ ಬೇಕಾಗುವ ಬಲ ಬಹಳ ಕಡಿಮೆ. ಹಲವು ಬಗೆಯ ಚಲನೆಗೆ 50ರಿಂದ 100 ಗ್ರಾಂ ತೂಕದಷ್ಟು ಒತ್ತಡವೇ ಸಾಕು. ಹೆಚ್ಚು ಬಲವನ್ನು ಹಾಕಿದರೆ ಹಲ್ಲು ಬೇಗ ಸರಿಯುವುದೆಂದು ತೋರಬಹುದು. ಆಗುವುದು ಅದರ ವಿರುದ್ಧ. ಬಲ ಅತಿಯಾದರೆ ಆ ಪದರದಲ್ಲಿ ರಕ್ತಸಂಚಾರ ನಿಂತು, ಕೆಲಸ ಮಾಡಬೇಕಾದ ಜೀವಕೋಶಗಳೇ ಸಾಯುತ್ತವೆ. ಹಲ್ಲು ನಿಂತಲ್ಲೇ ನಿಲ್ಲುತ್ತದೆ. ಅದರ ಬೇರಿಗೂ ಅಪಾಯವಾದೀತು. ಹಿತವಾದ ಬಲವನ್ನು ಎಡೆಬಿಡದೆ ಕೊಟ್ಟಾಗ, ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಷ್ಟು ಸರಿಯುತ್ತದೆ. ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷಗಳೂ, ಕೆಲವೊಮ್ಮೆ ಅದಕ್ಕಿಂತ ಹೆಚ್ಚೂ ಹಿಡಿಯಲು ಇದೇ ಕಾರಣ. ವೈದ್ಯರು ನಿಧಾನಿಗಳೆಂದು ದೂರುವವರು ಇದನ್ನು ನೆನಪಿಡಬೇಕು.

ಚಿಕಿತ್ಸೆಗೆಂದು ಹೋದ ಮೊದಲ ದಿನವೇ ಯಾರೂ ತಂತಿ ಹಾಕಿ ಕಳುಹಿಸುವುದಿಲ್ಲ. ಹಲ್ಲಿನ ಸಾಲನ್ನು ತಿದ್ದುವ ವಿದ್ಯೆಯಲ್ಲಿ ವಿಶೇಷ ಪದವಿ ಪಡೆದ ತಜ್ಞರು ಮೊದಲು ಬಾಯಿಯನ್ನು ಪರೀಕ್ಷಿಸುತ್ತಾರೆ. ಕ್ಷ-ಕಿರಣದ ಚಿತ್ರಗಳನ್ನು ತೆಗೆಸುತ್ತಾರೆ. ಕಣಕದಂಥ ಮೆತ್ತನೆಯ ದ್ರವ್ಯವನ್ನು ತಟ್ಟೆಯೊಂದರಲ್ಲಿ ತುಂಬಿ ಹಲ್ಲುಗಳ ಮೇಲೆ ಒತ್ತಿ, ಅದು ಗಟ್ಟಿಯಾದ ಮೇಲೆ ತೆಗೆದು, ಅದರಿಂದ ಸಾಲಿನ ಪಡಿಯಚ್ಚನ್ನು ಮಾಡಿಕೊಳ್ಳುತ್ತಾರೆ. ಆಗ ಕ್ಷಣಕಾಲ ಓಕರಿಕೆ ಬಂದಂತಾಗಬಹುದು. ಮೂಗಿನಿಂದ ನಿಧಾನವಾಗಿ ಉಸಿರಾಡಿದರೆ ಅದು ಶಮನವಾಗುತ್ತದೆ. ಈಗ ಕೆಲವು ಕಡೆ ಬೆಳಕಿನ ಯಂತ್ರದಿಂದಲೇ ಅಚ್ಚನ್ನು ಪಡೆಯುವುದೂ ಉಂಟು. ಹುಳುಕು ಹಲ್ಲುಗಳಿದ್ದರೆ ಮೊದಲು ಅವುಗಳಿಗೆ ಚಿಕಿತ್ಸೆಯಾಗಬೇಕು. ದವಡೆಯಲ್ಲಿ ಸ್ಥಳ ತೀರ ಸಾಲದಾದಾಗ, ಕೋರೆಹಲ್ಲಿನ ಹಿಂದಿರುವ ಚಿಕ್ಕ ದವಡೆಹಲ್ಲುಗಳನ್ನು ಕೀಳಬೇಕಾಗಿ ಬರಬಹುದು. ಒಳ್ಳೆಯ ಹಲ್ಲನ್ನು ಏಕೆ ಕೀಳುವರೆಂದು ತಾಯಿತಂದೆಗಳು ನೊಂದುಕೊಳ್ಳುವುದು ಸಹಜ. ಒತ್ತಾಗಿ ಬೆಳೆದ ಪೈರಿನಲ್ಲಿ ಕೆಲವನ್ನು ಕಿತ್ತು ಉಳಿದವಕ್ಕೆ ಎಡೆಮಾಡಿಕೊಡುವ ರೈತನ ಕ್ರಮವೇ ಇಲ್ಲಿಯದೂ. ಎಲ್ಲರಿಗೂ ಇದು ಬೇಕಾಗುವುದಿಲ್ಲ. ಏಕೆ ಬೇಕೆಂಬುದನ್ನು ವೈದ್ಯರಿಂದ ಕೇಳಿ ತಿಳಿದುಕೊಳ್ಳುವ ಹಕ್ಕು ರೋಗಿಗೆ ಇದ್ದೇ ಇದೆ.

ತಂತಿ ಹಾಕುವ ದಿನವನ್ನು ಕುರಿತ ಭಯಕ್ಕೆ ಆಧಾರವಿಲ್ಲ. ಅಂದು ಚುಚ್ಚುಮದ್ದಿಲ್ಲ, ಕೊರೆಯುವುದಿಲ್ಲ. ಹಲ್ಲುಗಳನ್ನು ಶುಚಿಗೊಳಿಸಿ, ಒಣಗಿಸಿ, ಸೌಮ್ಯವಾದ ಆಮ್ಲವನ್ನು ಲೇಪಿಸಿ ತೊಳೆಯುತ್ತಾರೆ. ಬಳಿಕ ಒಂದೊಂದು ಹಲ್ಲಿಗೂ ಬ್ರಾಕೆಟ್ ಎಂಬ ಪುಟ್ಟ ಗುಂಡಿಯನ್ನು ಅಂಟಿಸಿ, ನೀಲಿ ಬೆಳಕನ್ನು ಹಾಯಿಸಿ ಅಂಟನ್ನು ಗಟ್ಟಿಗೊಳಿಸುತ್ತಾರೆ. ಆ ಗುಂಡಿಗಳ ಗಾಡಿಗಳಲ್ಲಿ ಕಮಾನಿನಾಕಾರದ ತೆಳುತಂತಿಯನ್ನು ಕೂರಿಸಿ, ಚಿಕ್ಕ ರಬ್ಬರಿನ ಉಂಗುರಗಳಿಂದಲೋ ಎಳೆತಂತಿಯಿಂದಲೋ ಬಿಗಿಯುತ್ತಾರೆ. ಮೊದಲಿಗೆ ಹಾಕುವ ತಂತಿ ಬಹುಮಟ್ಟಿಗೆ ನಿಕ್ಕಲ್ ಮತ್ತು ಟೈಟಾನಿಯಂ ಲೋಹಗಳ ಮಿಶ್ರಣ. ಇದನ್ನು ಬಗ್ಗಿಸಿದರೂ ತನ್ನ ಮೊದಲಿನ ಆಕಾರಕ್ಕೆ ಮರಳಲು ಅದು ಹವಣಿಸುತ್ತಲೇ ಇರುತ್ತದೆ. ಹಾಗೆ ಮರಳುವಾಗ ತನ್ನೊಡನೆ ಹಲ್ಲುಗಳನ್ನೂ ಕರೆದೊಯ್ಯುತ್ತದೆ. ಈ ಕೆಲಸವೆಲ್ಲ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ.

ನೋವು ಇಲ್ಲವೇ ಇಲ್ಲವೆಂದರೆ ಅದು ಸುಳ್ಳಾದೀತು. ತಂತಿ ಹಾಕಿದ ಕೆಲವು ಗಂಟೆಗಳ ತರುವಾಯ ಹಲ್ಲುಗಳಲ್ಲಿ ಬಿಗಿತ ಕಾಣಿಸಿಕೊಳ್ಳುತ್ತದೆ. ಮರುದಿನ ಅದು ಹೆಚ್ಚಾಗಿರುತ್ತದೆ. ಅನ್ನದ ಅಗುಳನ್ನು ಅಗಿದರೂ ಹಲ್ಲು ಮಿಡಿಯುತ್ತದೆ. ಬಳಿಕ ನೋವು ದಿನದಿನಕ್ಕೆ ತಗ್ಗುತ್ತ, ವಾರದೊಳಗೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಅಗತ್ಯವೆನಿಸಿದರೆ ವೈದ್ಯರು ಹೇಳಿದ ಮಾತ್ರೆಯನ್ನು ಸೇವಿಸಬಹುದು. ತುಟಿ ಕೆನ್ನೆಗಳ ಒಳಭಾಗ ಗುಂಡಿಗೆ ಉಜ್ಜಿ ಹುಣ್ಣಾಗುವುದೂ ಉಂಟು. ಅದಕ್ಕಾಗಿ ಮೇಣದ ಕಡ್ಡಿಯನ್ನು ಕೊಟ್ಟಿರುತ್ತಾರೆ. ಕಡಲೆಕಾಳಿನಷ್ಟು ಮೇಣವನ್ನು ಉಂಡೆಮಾಡಿ, ಉಜ್ಜುವ ಗುಂಡಿಯ ಮೇಲೆ ಒತ್ತಿದರೆ ಸಾಕು. ಬೆಚ್ಚನೆಯ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದೂ ಹಿತಕರ. ಕೆಲವು ವಾರಗಳಲ್ಲಿ ಕೆನ್ನೆಯ ಒಳಭಾಗ ಈ ಹೊಸ ಅತಿಥಿಗೆ ಒಗ್ಗಿಕೊಳ್ಳುತ್ತದೆ.

ಆ ಮೊದಲ ದಿನಗಳಿಗೆ ನಮ್ಮ ನಾಡಿನ ಊಟ ಹೇಳಿಮಾಡಿಸಿದಂತಿದೆ. ಗಂಜಿ, ಅಂಬಲಿ, ಮೊಸರನ್ನ, ಇಡ್ಲಿ, ಮೆತ್ತಗಿನ ಉಪ್ಪಿಟ್ಟು ಯಾವುದಾದರೂ ಆಗಬಹುದು. ರಾಗಿಮುದ್ದೆಯನ್ನಂತೂ ಅಗಿಯದೆ ನುಂಗುವುದೇ ವಾಡಿಕೆ! ಆದರೆ ಚಿಕಿತ್ಸೆ ಮುಗಿಯುವ ತನಕ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಕಡಲೆಕಾಯಿ ಚಿಕ್ಕಿ, ಹುರಿಗಡಲೆ, ಮಂಜುಗಡ್ಡೆಗಳಿಂದ ದೂರವಿರಬೇಕು. ಕಬ್ಬನ್ನು ಸಿಗಿದು ತಿನ್ನುವಂತಿಲ್ಲ. ಮುಸುಕಿನ ಜೋಳದ ತೆನೆಯನ್ನು ಕಚ್ಚುವಂತಿಲ್ಲ, ಕಾಳನ್ನು ಬಿಡಿಸಿ ತಿನ್ನಬಹುದು. ಸೀಬೆಹಣ್ಣನ್ನು ಚಿಕ್ಕ ಚಿಕ್ಕ ಹೋಳುಗಳಾಗಿ ಕತ್ತರಿಸಿಕೊಳ್ಳಬೇಕು. ಗಟ್ಟಿಯಾದುದನ್ನು ಕಚ್ಚಿ ಒಂದು ಗುಂಡಿಯನ್ನು ಕಿತ್ತುಕೊಂಡರೆ, ಆ ಹಲ್ಲಿನ ಚಲನೆ ಅಲ್ಲಿಗೆ ನಿಲ್ಲುತ್ತದೆ. ಗೌರಿಹಬ್ಬದ ಚಕ್ಕುಲಿಯೊಂದರ ಆಸೆಗೆ ತಿಂಗಳ ಶ್ರಮ ವ್ಯರ್ಥವಾದ ಉದಾಹರಣೆಗಳು ಎಷ್ಟೋ ಇವೆ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾದುದು ಶುಚಿತ್ವದಲ್ಲಿ. ಗುಂಡಿಗಳ ಸುತ್ತ, ತಂತಿಯ ಅಡಿಯಲ್ಲಿ ಅನ್ನದ ಕಣಗಳು ಸಿಕ್ಕಿಕೊಳ್ಳುತ್ತವೆ. ಅಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಹೊರಸೂಸುವ ಆಮ್ಲವು ಹಲ್ಲಿನ ಸುಣ್ಣದ ಅಂಶವನ್ನು ಕರಗಿಸುತ್ತದೆ. ಹೀಗೆ ಉದಾಸೀನ ಮಾಡಿದವರ ಹಲ್ಲಿನಿಂದ ಕೊನೆಗೆ ಗುಂಡಿಗಳನ್ನು ತೆಗೆದಾಗ, ಅವುಗಳ ಸುತ್ತ ಬಿಳಿಯ ಕಲೆಗಳು ಉಳಿದಿರುತ್ತವೆ. ಸಾಲು ನೇರವಾಯಿತು, ಹಲ್ಲು ಮಾತ್ರ ಕೆಟ್ಟಿತು ಎಂದಾದರೆ ಪ್ರಯೋಜನವೇನು? ಪ್ರತಿ ಊಟದ ನಂತರ ಫ್ಲೋರೈಡ್ ಇರುವ ಪೇಸ್ಟಿನಿಂದ ಗುಂಡಿಯ ಮೇಲುಗಡೆ, ಕೆಳಗಡೆ, ವಸಡಿನ ಅಂಚಿನಲ್ಲಿ ನಿಧಾನವಾಗಿ ಉಜ್ಜಬೇಕು. ಸಂದುಗಳಿಗೆಂದೇ ಮಾಡಿದ ಚಿಕ್ಕ ಬ್ರಷ್ಷುಗಳೂ ದೊರೆಯುತ್ತವೆ. ಶಾಲೆಯಲ್ಲಿ ಅನುಕೂಲವಿಲ್ಲದಾಗ ನೀರಿನಿಂದ ಚೆನ್ನಾಗಿ ಮುಕ್ಕಳಿಸಿಯಾದರೂ ಬರಬೇಕು.

ನಾಲ್ಕರಿಂದ ಎಂಟು ವಾರಗಳಿಗೊಮ್ಮೆ ವೈದ್ಯರಲ್ಲಿಗೆ ಹೋಗಬೇಕಾಗುತ್ತದೆ. ಆಗ ತಂತಿಯನ್ನು ಬದಲಾಯಿಸುತ್ತಾರೆ ಅಥವಾ ಬಿಗಿಗೊಳಿಸುತ್ತಾರೆ. ಮತ್ತೆ ಒಂದೆರಡು ದಿನ ಅದೇ ಬಿಗಿತ. ಕೆಲವರಿಗೆ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಸಿಕ್ಕಿಸುವ ರಬ್ಬರಿನ ಉಂಗುರಗಳನ್ನು ಕೊಡುತ್ತಾರೆ. ಅವನ್ನು ಹೇಳಿದಷ್ಟು ಹೊತ್ತು ಧರಿಸುವುದು ರೋಗಿಯ ಕೆಲಸ. ಅದನ್ನು ವೈದ್ಯರು ಬಂದು ಮಾಡಿಕೊಡಲಾರರು. ತಂತಿಯ ತುದಿ ಕೆನ್ನೆಗೆ ಚುಚ್ಚಿದರೆ ಮೇಣವನ್ನು ಮುಚ್ಚಿ, ಆದಷ್ಟು ಬೇಗ ವೈದ್ಯರನ್ನು ಕಾಣಬೇಕು. ತಾವೇ ಬಗ್ಗಿಸಲು ಹೋಗಬಾರದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಮುಂದಿನ ಎರಡು ಹಲ್ಲುಗಳ ನಡುವಣ ಸಂದನ್ನು ಮುಚ್ಚಲು ಕೆಲವರು ಮನೆಯಲ್ಲಿಯೇ ರಬ್ಬರ್ ಬ್ಯಾಂಡನ್ನು ಸುತ್ತಿಕೊಳ್ಳುವುದುಂಟು. ಹಲ್ಲಿನ ಬೇರು ತುದಿಯತ್ತ ಕಿರಿದಾಗುತ್ತ ಹೋಗುವುದರಿಂದ ಆ ರಬ್ಬರು ಕಣ್ಣಿಗೆ ಕಾಣದಂತೆ ವಸಡಿನೊಳಕ್ಕೆ ಜಾರುತ್ತದೆ. ಒಳಗೆ ಸೇರಿ ಬೇರಿನ ಸುತ್ತಲಿನ ಎಲುಬನ್ನು ನಾಶಮಾಡುತ್ತದೆ. ಕೊನೆಗೆ ಆ ಒಳ್ಳೆಯ ಹಲ್ಲುಗಳೇ ಉದುರಿಹೋಗಬಹುದು. ಅಗ್ಗದ ಉಪಾಯ ಅನೇಕ ವೇಳೆ ದುಬಾರಿಯಾಗುತ್ತದೆ. ಖರ್ಚಿನ ಚಿಂತೆಯಿರುವವರು ದಂತವೈದ್ಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. ಅಲ್ಲಿ ತಜ್ಞರ ಮೇಲ್ವಿಚಾರಣೆಯಲ್ಲಿ ಈ ಚಿಕಿತ್ಸೆ ಸಾಮಾನ್ಯವಾಗಿ ಕಡಿಮೆ ವೆಚ್ಚದಲ್ಲಿ ದೊರೆಯುತ್ತದೆ.

ಕೊನೆಗೊಮ್ಮೆ ತಂತಿಯನ್ನು ತೆಗೆಯುವ ದಿನ ಬರುತ್ತದೆ. ಗುಂಡಿಗಳನ್ನು ಇಕ್ಕುಳದಿಂದ ಅಮುಕಿ ಬಿಡಿಸಿ, ಉಳಿದ ಅಂಟನ್ನು ಉಜ್ಜಿ ನಯಗೊಳಿಸುತ್ತಾರೆ. ನಾಲಗೆಗೆ ಹಲ್ಲು ಹೊಸದಾಗಿ ಬಂದಂತೆ ನುಣುಪಾಗಿ ತೋರುತ್ತದೆ. ಆದರೆ ಚಿಕಿತ್ಸೆ ಅಲ್ಲಿಗೆ ಮುಗಿಯಿತೆಂದು ತಿಳಿದರೆ ಅದೇ ದೊಡ್ಡ ತಪ್ಪು. ಹಲ್ಲು ಹೊಸ ಸ್ಥಾನಕ್ಕೆ ಬಂದಿದ್ದರೂ, ಅದನ್ನು ಸುತ್ತಿದ ನಾರುಗಳು ಹಳೆಯ ನೆನಪನ್ನು ಇನ್ನೂ ಬಿಟ್ಟಿರುವುದಿಲ್ಲ. ಅವು ಹೊಸ ಸ್ಥಾನಕ್ಕೆ ಹೊಂದಿಕೊಳ್ಳಲು ಹಲವು ತಿಂಗಳುಗಳು ಬೇಕು. ವಸಡಿನ ಕೆಲವು ನಾರುಗಳಿಗೆ ಒಂದು ವರ್ಷವೂ ಸಾಲದು. ಆದಕಾರಣ ರಿಟೇನರ್ ಎಂಬ ಸಾಧನವನ್ನು, ವೈದ್ಯರು ಹೇಳಿದ ಪ್ರಕಾರ ಮೊದಲು ದಿನದ ಬಹುಭಾಗವೂ, ಆಮೇಲೆ ರಾತ್ರಿಯ ವೇಳೆಯೂ ಧರಿಸಬೇಕು. ಮೊದಮೊದಲು ‘ಸ’ಕಾರ, ‘ಶ’ಕಾರಗಳು ತೊದಲುತ್ತವೆ. ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದರೆ ಕೆಲವೇ ದಿನಗಳಲ್ಲಿ ನಾಲಗೆ ಪಳಗುತ್ತದೆ. ನನ್ನ ಬಂಧುವರ್ಗದ ಹುಡುಗನೊಬ್ಬ ಮದುವೆಯ ಊಟದಲ್ಲಿ ತನ್ನ ರಿಟೇನರನ್ನು ತೆಗೆದು ಎಲೆಯ ಮಗ್ಗುಲಲ್ಲಿ ಇಟ್ಟನು. ಎಲೆ ಎತ್ತುವವರು ಅದನ್ನೂ ಎಲೆಯೊಡನೆ ಎತ್ತಿಕೊಂಡು ಹೋದರು. ಹೊಸದನ್ನು ಮಾಡಿಸಲು ಇಂದು ನಾಳೆ ಎಂದು ಆರು ತಿಂಗಳು ಕಳೆದನು. ಅಷ್ಟರಲ್ಲಿ ಎರಡು ವರ್ಷದಲ್ಲಿ ತಿದ್ದಿದ್ದ ಸಾಲು ಮತ್ತೆ ಓರೆಯಾಗಿತ್ತು. ಗಳಿಸುವುದಕ್ಕಿಂತ ಗಳಿಸಿದುದನ್ನು ಉಳಿಸಿಕೊಳ್ಳುವುದು ಕಷ್ಟ ಎಂಬ ಮಾತು ಹಲ್ಲಿನ ವಿಷಯದಲ್ಲಿಯೂ ದಿಟ.

ಹಾಗೆಂದು ಹಲ್ಲು ಒಂದಿಷ್ಟು ಓರೆಯಾಗಿದ್ದವರೆಲ್ಲರೂ ತಂತಿ ಹಾಕಿಸಿಕೊಳ್ಳಲೇಬೇಕೆಂದಲ್ಲ. ಊಟಕ್ಕೆ, ಮಾತಿಗೆ, ಶುಚಿತ್ವಕ್ಕೆ ತೊಡಕಿಲ್ಲದೆ, ಮನಸ್ಸಿಗೂ ಕೊರಗಿಲ್ಲದಿದ್ದರೆ ಆ ಓರೆಹಲ್ಲೂ ಆ ಮುಖಕ್ಕೆ ಒಂದು ಲಕ್ಷಣವೇ. ತಿದ್ದಿಸಿಕೊಳ್ಳುವುದೂ ನಾಚಿಕೆಯಲ್ಲ, ಹಾಗೆಯೇ ಬಿಡುವುದೂ ನಾಚಿಕೆಯಲ್ಲ. ನಾಚಿಕೆ ಪಡಬೇಕಾದವರು ಮತ್ತೊಬ್ಬರ ಹಲ್ಲನ್ನು ಕಂಡು ನಗುವವರು.

ಕೆಲವು ವರ್ಷಗಳ ಹಿಂದೆ ಆ ನನ್ನ ಹಳೆಯ ವಿದ್ಯಾರ್ಥಿನಿಯನ್ನು ಸಮಾರಂಭವೊಂದರಲ್ಲಿ ಕಂಡೆ. ಜೊತೆಯಲ್ಲಿ ಹದಿಮೂರು ವರ್ಷದ ಮಗಳಿದ್ದಳು. ಮಗಳ ಹಲ್ಲಿನ ಮೇಲೆ ತಂತಿ ಹೊಳೆಯುತ್ತಿತ್ತು. ಏನೋ ಮಾತಿಗೆ ಆ ಹುಡುಗಿ ಬಾಯಿತುಂಬ ನಕ್ಕಳು. ತಾಯಿಯೂ ನಕ್ಕಳು, ಆದರೆ ಅವಳ ಕೈ ಅಭ್ಯಾಸಬಲದಿಂದ ಬಾಯಿಯ ಕಡೆಗೆ ಏರಿ, ನಡುವೆಯೇ ನಿಂತಿತು. “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಅಂತ ನೀವೇ ಹೇಳುತ್ತಿದ್ದಿರಿ, ಮೇಷ್ಟ್ರೇ. ಆದರೆ ಈ ವಯಸ್ಸಿನಲ್ಲೂ ಹಾಕಿಸಿಕೊಳ್ಳಬಹುದಂತೆ” ಎಂದಳು. ಅವಳ ಮಾತು ನಿಜ. ಎಲುಬು ಬದುಕಿನುದ್ದಕ್ಕೂ ಕರಗುತ್ತ, ಕಟ್ಟಿಕೊಳ್ಳುತ್ತ ಇರುವುದರಿಂದ, ವಸಡು ಆರೋಗ್ಯವಾಗಿದ್ದರೆ ದೊಡ್ಡವರಿಗೂ ಈ ಚಿಕಿತ್ಸೆ ಸಾಧ್ಯ. “ಹಾಕಿಸಿಕೊಳ್ಳಮ್ಮ. ಹಾಕಿಸಿಕೊಳ್ಳದಿದ್ದರೂ ಕೈಯನ್ನು ಮಾತ್ರ ಇಳಿಸು. ಅಂದು ತರಗತಿಯ ಬಾಯಿ ಮುಚ್ಚಿಸಬೇಕಾಗಿದ್ದವನು ನಾನು” ಎಂದೆ.

ಒರಟು ಬಲ ಹಲ್ಲನ್ನು ಮುರಿಯಬಲ್ಲದು, ತಿದ್ದಲಾರದು. ಸಾಲನ್ನು ತಿದ್ದುವುದು ಮೃದುವಾದ, ಎಡೆಬಿಡದ ಒತ್ತಡ ಮತ್ತು ಅದಕ್ಕೆ ಜೊತೆಯಾದ ತಾಳ್ಮೆ. ತಿದ್ದುವ ಕೆಲಸ ಎಲ್ಲಿದ್ದರೂ ಅದರ ರೀತಿ ಇದೇ ಎಂಬುದನ್ನು ನಾನು ತಡವಾಗಿ ಕಲಿತೆನು.